ಹದಿನಾರೋ ಹದಿನೇಳೋ: ಗುಡೂರ ಸರ್ ಮತ್ತು ಒಂದು ಜಿಗಿಹುಳುವಿನ ಕುಲ

ಜೋಳದ ಸುಳಿಯಲ್ಲಿ, ಕಬ್ಬಿನ ಗರಿಯ ಬುಡದಲ್ಲಿ, ಹೊಳೆಯಂಚಿನ ಹುಲ್ಲಿನಲ್ಲಿ ಜೀರಿಗೆ ಕಾಳಿಗಿಂತ ದೊಡ್ಡದಲ್ಲದ ಒಂದು ಹುಳು ಕೂತಿರುತ್ತದೆ. ಕೈ ಚಾಚಿದರೆ ಅಡ್ಡಡ್ಡ ಸರಿದು ಎಲೆಯ ಹಿಂದೆ ಅಡಗುತ್ತದೆ; ಇನ್ನೂ ಹತ್ತಿರ ಹೋದರೆ ಟಣ್ಣನೆ ಜಿಗಿದು ಕಾಣೆಯಾಗುತ್ತದೆ. ರೈತರು ಅದನ್ನು ಜಿಗಿಹುಳು ಎಂದು ಬೈದು, ಔಷಧ ಹೊಡೆದು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಇವುಗಳಲ್ಲಿ ಎಷ್ಟು ಬಗೆ, ಯಾವುದು ಯಾವುದರ ಬಳಗ, ಯಾವ ಪ್ರಭೇದ ಯಾವ ಕುಲಕ್ಕೆ ಸೇರಬೇಕು ಎಂಬುದನ್ನು ಮೂವತ್ತನಾಲ್ಕು ವರ್ಷ ಪಟ್ಟು ಹಿಡಿದು ನೋಡಿದವರು ನಮ್ಮ ಭಾಗದಲ್ಲಿ ಒಬ್ಬರೇ. ಅವರು ಬಾಗಲಕೋಟೆಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಿಂದ ಈ ವರ್ಷ, ಅಂದರೆ ೨೦೦೮ರ ಮೇ ತಿಂಗಳಲ್ಲಿ, ನಿವೃತ್ತರಾಗುತ್ತಿರುವ ಪ್ರೊ. ಅಮಸಿದ್ದಪ್ಪ ಹುಲ್ಲಪ್ಪ ಗುಡೂರ ಅವರು. ಮನುಷ್ಯರ ಕುಲ ಕೇಳಿಯೇ ನೀರು ಕೊಡುವವರು ಇನ್ನೂ ಇರುವ ಈ ಸೀಮೆಯಲ್ಲಿ, ಗುಡೂರ ಸರ್ ಕುಲ ಕೇಳಿದ್ದು ಹುಳುಗಳನ್ನು ಮಾತ್ರ.

ಈ ಅಭಿನಂದನ ಗ್ರಂಥದ ಸಂಪಾದಕರು ನನ್ನಿಂದ ಕೇಳಿದ್ದು ‘ನಾಲ್ಕು ಒಳ್ಳೆಯ ಮಾತು’. ಬರೆಯಲು ಕೂತೆ, ಆಗಲಿಲ್ಲ. ಗ್ರಂಥದ ಕೊನೆಯಲ್ಲಿ ಸರ್ ಅವರ ಪ್ರಬಂಧಗಳ ಪಟ್ಟಿ ಇದೆ, ಒಟ್ಟು ನಲವತ್ತೊಂದು. ಅದರಲ್ಲಿ ಇಪ್ಪತ್ತೊಂಬತ್ತನೆಯದು ೨೦೦೧ರದು: ಮಹಾಕೂಟದ ಹುಲ್ಲಿನಲ್ಲಿ ಸಿಕ್ಕ ಜಿಗಿಹುಳುವಿಗೆ ಹೊಸದೊಂದು ಕುಲವನ್ನೇ ಕಟ್ಟಿಕೊಟ್ಟ ಪ್ರಬಂಧ. ಮೂವತ್ತಮೂರನೆಯದು ೨೦೦೫ರದು, ಒಂದೇ ಪುಟ: ಆ ಕುಲವನ್ನು ರದ್ದು ಮಾಡಿದ ಟಿಪ್ಪಣಿ. ಅದರ ಕೊನೆಯ ಸಾಲು, ‘ಎಣಿಕೆಯ ದೋಷ ಸಂಪೂರ್ಣವಾಗಿ ಲೇಖಕನದು.’ ಆ ಸಾಲು ಸುಳ್ಳು. ಸರ್ ತಮ್ಮ ಜೀವನದಲ್ಲಿ ಅಚ್ಚು ಹಾಕಿಸಿದ ಒಂದೇ ಒಂದು ಸುಳ್ಳು ಅದು. ಎಣಿಸಿದವಳು ನಾನು. ಅವರ ಉಳಿದ ಗುಣಗಳನ್ನು ಈ ಗ್ರಂಥದಲ್ಲಿ ಬೇರೆಯವರು ಹೊಗಳಿಯೇ ಹೊಗಳುತ್ತಾರೆ; ನಾನು ಆ ಒಂದು ಸಾಲಿನ ಲೆಕ್ಕ ಒಪ್ಪಿಸುತ್ತೇನೆ.

ಸರ್ ಹುಟ್ಟಿದ್ದು ಗುಡೂರಿನಲ್ಲಿ, ಬೀರಪ್ಪನ ಒಕ್ಕಲಿನ ಮನೆತನದಲ್ಲಿ. ತಂದೆ ಹುಲ್ಲಪ್ಪನವರಿಗೆ ಕುರಿಹಿಂಡು. ಯಾವ ಹುಲ್ಲನ್ನು ಕುರಿ ಮೊದಲು ಮೇಯುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬುದು ಸರ್ ಅವರಿಗೆ ಅಕ್ಷರಕ್ಕಿಂತ ಮೊದಲೇ ಗೊತ್ತಾಗಿತ್ತು. ೧೯೭೪ರಲ್ಲಿ ಕಾಲೇಜಿಗೆ ಉಪನ್ಯಾಸಕರಾಗಿ ಬಂದ ಮೇಲೂ ತರಗತಿಯಲ್ಲಿ ಕೀಟಶಾಸ್ತ್ರದ ಮೊದಲ ಪಾಠ ಹುಲ್ಲಿನಿಂದಲೇ ಶುರುವಾಗುತ್ತಿತ್ತು. “ಹುಲ್ಲು ಗೊತ್ತಿಲ್ದಾಂವಗ ಹುಳ ಗೊತ್ತಾಗಂಗಿಲ್ಲ” ಎಂದು ಹೇಳಿ, ಇಪ್ಪತ್ತು ಜನರನ್ನು ಬಿಸಿಲಿಗೆ ಅಟ್ಟುತ್ತಿದ್ದರು. ಅರ್ಧ ಜನ ಮುಂದಿನ ವಾರ ರಸಾಯನಶಾಸ್ತ್ರದ ಕಡೆ ಸರಿದುಬಿಡುತ್ತಿದ್ದರು.

ನಾನು ಇಳಕಲ್ಲಿನ ನೇಕಾರರ ಮಗಳು. ೧೯೯೫ರಲ್ಲಿ ಬಿ.ಎಸ್ಸಿಗೆ ಸೇರಿದೆ. ಸ್ನಾತಕೋತ್ತರ ಪದವಿ ಮುಗಿಸಿ ೨೦೦೦ದಲ್ಲಿ ಮರಳಿ ಬಂದಾಗ, ಇನ್ನು ಓದಿದ್ದು ಸಾಕು, ಮಗ್ಗಕ್ಕೆ ಕೂಡಲಿ ಎಂಬ ಮಾತು ಮನೆಯಲ್ಲಿ ಗಟ್ಟಿಯಾಗಿತ್ತು. ಸರ್ ಒಂದು ಭಾನುವಾರ ಬಸ್ಸು ಹತ್ತಿ ಇಳಕಲ್ಲಿಗೆ ಬಂದರು. ನಮ್ಮವ್ವ ದುರ್ಗವ್ವ ನೇಯುತ್ತಿದ್ದ ಮಗ್ಗದ ಪಕ್ಕ ಚಾಪೆಯ ಮೇಲೆ ಕೂತು, ಸೀರೆಯ ಒಡಲಿನ ಹಾಸು ಎಂಬ ಉದ್ದ ಎಳೆಗಳಿಗೆ ಸೆರಗಿನ ಹಾಸನ್ನು ಹೇಗೆ ಕೂಡಿಸುತ್ತಾರೆಂದು ಒಂದು ತಾಸು ಕೇಳಿ ತಿಳಿದುಕೊಂಡರು. ನನ್ನ ಸುದ್ದಿಯನ್ನೇ ಎತ್ತಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದ್ದು ಇಷ್ಟು:

“ಅಕ್ಕಾರ, ಈ ಹುಡಿಗಿ ಕಣ್ಣು ನನಗ ಬೇಕಾಗೈತ್ರಿ. ನಾಕು ವರ್ಷ ಕೊಡ್ರಿ.”

ಅವ್ವ ಕೊಟ್ಟಳು. ನಾನು ಇಂದು ಉಪನ್ಯಾಸಕಿ ಎನಿಸಿಕೊಂಡಿರುವುದು ಆ ಒಂದು ತಾಸಿನಿಂದ.

ಆ ವರ್ಷಗಳಲ್ಲಿ ಬಾಗಲಕೋಟೆಯ ಹಳೆಯ ಊರಿನ ಅಂಚಿಗೆ ಅಣೆಕಟ್ಟಿನ ಹಿನ್ನೀರು ಬರುತ್ತಿತ್ತು. ಜನ ಹೊಸದಾಗಿ ಕಟ್ಟಿದ ನವನಗರಕ್ಕೆ ಸಾಮಾನು ಸಾಗಿಸುತ್ತಿದ್ದರು; ಸರ್ ಘಟಪ್ರಭೆಯ ದಂಡೆಯ ಹುಲ್ಲಿಗೆ ಬಲೆ ಬೀಸುತ್ತಿದ್ದರು. ಅಲ್ಲಿದ್ದ ಜಿಗಿಹುಳು ಒಂದು ಹಳೆಯ ಕುಲದ್ದು. ನೂರು ವರ್ಷದ ಹಿಂದೆ ಯಾರೋ ಒಂದೇ ಒಂದು ಹುಳು ನೋಡಿ ಆ ಕುಲ ಕಟ್ಟಿದ್ದರು. ಆಮೇಲೆ ಬಂದವರು ಸಿಕ್ಕಸಿಕ್ಕದ್ದನ್ನೆಲ್ಲ ಅದರೊಳಗೆ ತುಂಬಿದ್ದರು. ಆ ಗೋಜಲನ್ನು ಬಿಡಿಸುವುದು ಸರ್ ಅವರ ಜೀವಮಾನದ ಕೆಲಸ. ನೀರು ವಾರಕ್ಕೊಂದಿಷ್ಟು ಮೇಲೆ ಬರುತ್ತಿತ್ತು. ಹಿಡಿದದ್ದು ಉಳಿಯಿತು, ಬಿಟ್ಟದ್ದು ಮುಳುಗಿತು. ವಿಭಾಗದ ಜವಾನ ನಜೀರಸಾಬ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸೀಸೆಗಳನ್ನು ಹಿಡಿದಿರುತ್ತಿದ್ದ. ಮರುವರ್ಷ ಅದೇ ಜಾಗ ಹುಡುಕಿಕೊಂಡು ಹೋದರೆ ಹುಲ್ಲೂ ಇಲ್ಲ, ದಂಡೆಯೂ ಇಲ್ಲ. ನದಿಯ ಹುಳು ಎಂದು ನಮ್ಮ ಬಳಿ ಇದ್ದದ್ದು ಎರಡು ಪೆಟ್ಟಿಗೆ, ಅಷ್ಟೇ.

ಇದರ ನಡುವೆಯೇ ಬಾದಾಮಿ ಕಡೆಯ ಮಹಾಕೂಟದಲ್ಲಿ, ಹೊಂಡದ ನೀರು ಹರಿದು ಹೋಗುವ ಕಾಲುವೆಯ ಹುಲ್ಲಿನಲ್ಲಿ, ಇನ್ನೊಂದು ಜಿಗಿಹುಳು ಸಿಕ್ಕಿತು. ನೋಡಲು ನದಿಯದರಂತೆಯೇ, ಬಣ್ಣ ಮಾತ್ರ ಸ್ವಲ್ಪ ಕಪ್ಪು. ಇಂಥಲ್ಲಿ ಗಂಡುಹುಳುವಿನ ಬಾಲದ ತುದಿಯನ್ನು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಸಿಕ್ಕ ಅರವತ್ತೆರಡರಲ್ಲಿ ಗಂಡು ಒಂದೇ. ಅದರ ತುದಿ ಅಂಟಿಸುವಾಗಲೇ ಮುರಿದಿತ್ತು. ಉಳಿದದ್ದು ಕಾಲು. ಈ ಹುಳುಗಳ ಹಿಂಗಾಲಿನ ಕೆಳಗೆ ಅಲುಗಾಡುವ ಒಂದು ಮುಳ್ಳಿರುತ್ತದೆ, ಅದರ ಅಂಚಿಗೆ ಸಣ್ಣ ಹಲ್ಲುಗಳ ಸಾಲು. ನದಿಯ ಹುಳುಗಳ ಹಲ್ಲನ್ನು ಸರ್ ಮೊದಲೇ ಎಣಿಸಿ ಬರೆದಿಟ್ಟಿದ್ದರು: ಹದಿನೇಳು. ಮಹಾಕೂಟದವನ್ನು ಎಣಿಸುವ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬರತೊಡಗಿತ್ತು. ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು.

“ಹೆಂಗ ಎಣಸ್ಬೇಕ್ರಿ ಸರ್?” ಎಂದೆ.

“ನೇಕಾರರ ಮಗಳಿಗೆ ಎಣಸೂದು ನಾ ಹೇಳಿಕೊಡಬೇಕೇನು? ಹಣಿಗಿ ಹಲ್ಲು ಎಣಸೀಯಿಲ್ಲೊ, ಹಂಗ ಎಣಸು.”

ಹಣಿಗೆ ಎಂದರೆ ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಉದ್ದನೆಯ ಬಾಚಣಿಗೆ. ಹೇಳಿದಂತೆಯೇ ಮಾಡಿದೆ. ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಸೂಜಿಯ ಮೊನೆಯನ್ನು ಒಂದೊಂದೇ ಸಲ ಊರುತ್ತ ಎಣಿಸಿದೆ. ಹದಿನಾರು. ಇನ್ನೊಂದು ಹುಳು: ಹದಿನಾರು. ಅರವತ್ತೆರಡಕ್ಕೂ ಹದಿನಾರು. ಮೂರು ದಿನ ಬಿಟ್ಟು ಸರ್ ಮತ್ತೆ ಎಣಿಸಲು ಹೇಳಿದರು. ಮತ್ತೆ ಹದಿನಾರು. ಹದಿನಾರೇ ಎಂದು ನಾನು ಮೇಜು ಕುಟ್ಟಿ ಹೇಳಿದೆ. ಹಲ್ಲಿನ ಸಂಖ್ಯೆ ಒಂದಿಷ್ಟೂ ಹೆಚ್ಚುಕಡಿಮೆ ಆಗದೆ ಬೇರೆಯಾಗಿದೆ, ಬಣ್ಣವೂ ಬೇರೆ, ಇರುವ ನೀರೂ ಬೇರೆ. ಇದು ಹಳೆಯ ಕುಲದ್ದಲ್ಲ ಎಂದು ತೀರ್ಮಾನಿಸಿ, ಮಹಾಕೂಟದ ಹೆಸರಿನಲ್ಲೇ ಹೊಸ ಕುಲ ಕಟ್ಟಿದರು. ಪ್ರಬಂಧ ಅಚ್ಚಾಗಿ ಬಂದ ದಿನ ನಜೀರಸಾಬ ಇಡೀ ಕಾಲೇಜಿಗೆ ಪೇಢೆ ಹಂಚಿದ. ನನ್ನ ಪಿಎಚ್.ಡಿ. ಪ್ರಬಂಧದ ಮೂರು ಅಧ್ಯಾಯಗಳು ಆ ಕುಲದ ಮೇಲೆಯೇ ನಿಂತವು.

೨೦೦೪ರ ನವೆಂಬರಿನಲ್ಲಿ ಪರದೇಶದ ಒಬ್ಬ ತಜ್ಞರಿಂದ ಪತ್ರ ಬಂತು. ನಾವು ಕಳಿಸಿದ್ದ ಮಹಾಕೂಟದ ಎರಡು ಹುಳುಗಳಲ್ಲಿ ಅವರು ಹದಿನೇಳು ಹಲ್ಲು ಎಣಿಸಿದ್ದರು. ಭಾಷೆ ಮೃದುವಾಗಿತ್ತು, ಪ್ರಶ್ನೆ ಮೃದುವಾಗಿರಲಿಲ್ಲ: ನಿಮ್ಮಲ್ಲಿ ಪೆಟ್ಟಿಗೆಗಳು ಅದಲುಬದಲಾಗಿವೆಯೇ? ನನ್ನ ಪ್ರಬಂಧ ರಟ್ಟು ಹಾಕಿಸಿಕೊಂಡು ಬಂದಿತ್ತು. ಸಲ್ಲಿಸಲು ಕೊನೆಯ ದಿನ ಡಿಸೆಂಬರ್ ಹದಿನೈದು. ಸರ್ ಅದೇ ವಾರ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿ ಮನೆಯಲ್ಲಿ ಕೂತಿದ್ದರು. ತಿಂಗಳೊಪ್ಪತ್ತು ಸೂಕ್ಷ್ಮದರ್ಶಕ ಮುಟ್ಟುವಂತಿರಲಿಲ್ಲ.

ಪತ್ರದ ಸುದ್ದಿ ಅಧ್ಯಾಪಕರ ಕೋಣೆಗೆ ಮುಟ್ಟಲು ಒಂದು ಚಹಾದ ಹೊತ್ತು ಸಾಕಾಯಿತು. ಅಲ್ಲಿ ತೀರ್ಪೂ ಆಗಿಹೋಯಿತು: ಕಾಲೇಜು ನವನಗರಕ್ಕೆ ಬಂದಾಗ ಹಳೆ ಊರಿನಿಂದ ಪೆಟ್ಟಿಗೆ ಸಾಗಿಸಿದವನು ನಜೀರಸಾಬ, ಚೀಟಿ ಕಲೆಸಿದವನೂ ಅವನೇ ಇರಬೇಕು. ಯಾರೂ ಅವನೆದುರು ಹೇಳಲಿಲ್ಲ. ಅವನು ಬಂದಾಗ ಮಾತು ನಿಲ್ಲಿಸುತ್ತಿದ್ದರು, ಅದು ಇನ್ನೂ ಕೆಟ್ಟದ್ದು. ಒಂದು ಮಧ್ಯಾಹ್ನ ಅವನು ನನ್ನ ಮೇಜಿನ ಬಳಿ ಬಂದು ನಿಂತ.

“ಬಾಯಾರ, ನನಗ ಓದಾಕ ಬರಂಗಿಲ್ಲ. ಅದಕ್ಕ ಅಂಜಿ ಆ ಚೀಟಿ ಒಂದೂ ಮುಟ್ಟಿಲ್ರಿ. ಪೆಟಗಿ ಮುಚ್ಚಳಾನ ತಗದಿಲ್ಲ. ಸರ್ ಏನರ ಅಂದ್ರೇನ್ರಿ?”

“ಏನೂ ಅಂದಿಲ್ಲ ನಜೀರಣ್ಣ.”

“ಅಂದ್ರ ಛಲೋ ಇತ್ರಿ. ಸುಮ್ನ ಇದ್ದಾರ, ಅದಕ್ಕ ಹೆದರಿಕಿ ಬರತೈತಿ.”

ನಾನು ಮಹಾಕೂಟದ ಪೆಟ್ಟಿಗೆ ತೆಗೆದು ಮತ್ತೆ ಎಣಿಸಿದೆ. ಮತ್ತೆ ಹದಿನಾರು. ನನಗೆ ಸಿಟ್ಟೇ ಬಂತು. ಆ ತಜ್ಞರಿಗೆ ಎಣಿಸಲು ಬರುವುದಿಲ್ಲ ಎಂದು ಸರ್ ಮನೆಗೆ ಹೋಗಿ ಹೇಳಿದೆ. ಅವರು ನನ್ನ ಮಾತು ನಂಬಿ, ‘ನಮ್ಮ ಎಣಿಕೆಯಲ್ಲಿ ಸಂಶಯವಿಲ್ಲ’ ಎಂದು ಉತ್ತರ ಬರೆಸಿ, ತಡಕಾಡಿ ಸಹಿ ಹಾಕಿದರು. ಸೋಮವಾರ ನಜೀರಸಾಬ ಅದನ್ನು ಅಂಚೆಗೆ ಹಾಕುವುದೆಂದು ಆಯಿತು. ನಾನು ಗೆದ್ದವಳಂತೆ ಶನಿವಾರ ಊರಿಗೆ ಹೋದೆ.

ಭಾನುವಾರ ಹೊತ್ತೇರಿದ ಮೇಲೆ ಪಕ್ಕದ ಓಣಿಯ ಕಾಸಿಂಬಿ ನಮ್ಮ ಮನೆಗೆ ಬಂದಳು. ಮುರಿದ ಹಣಿಗೆಗಳ ಹಲ್ಲು ಕಟ್ಟಿ ರಿಪೇರಿ ಮಾಡುವುದು ಅವಳ ಕಸುಬು. ಅವ್ವನದೊಂದು ಹಣಿಗೆಯ ತುದಿ ಕಿತ್ತು ಬಂದಿತ್ತು. ಅವ್ವ ಆ ತುಂಡನ್ನು ನನ್ನ ಕೈಗೆ ಕೊಟ್ಟು, “ಎಷ್ಟ ಹಲ್ಲ ಅದಾವ ನೋಡ ಶೈಲಾ, ಕಾಸಿಂಬಿಗೆ ಹೇಳು” ಎಂದಳು. ನಾನು ಸೂಜಿ ಊರುತ್ತ ಸರಸರನೆ ಎಣಿಸಿ ಇಪ್ಪತ್ನಾಲ್ಕು ಎಂದೆ. ಕಾಸಿಂಬಿ ತುಂಡನ್ನು ಕಸಿದುಕೊಂಡು ಬೆರಳಿನಲ್ಲಿ ಎಣಿಸಿದಳು.

“ಇಪ್ಪತ್ತೈದ ಐತವಾ.”

“ಇಪ್ಪತ್ನಾಕು,” ಎಂದಳು ಅವ್ವ, ಕಣ್ಣಲ್ಲೇ ಎಣಿಸಿ.

ಕಾಸಿಂಬಿ ನಕ್ಕಳು. “ನಿಮ್ಮ ಮನ್ಯಾಗ ಇದೊಂದು ಚಾಳಿ ನೋಡು. ನೀವು ನೇಯಾವ್ರು, ಎಳಿ ಹಾಯೂದು ಸಂದ್ಯಾಗ. ಸಂದಿ ಎಣಸ್ತೀರಿ, ಬಾಯಾಗ ಹಲ್ಲು ಅಂತೀರಿ. ನಾ ಹಲ್ಲು ಕಟ್ಟಾಕಿ. ನಾ ಹಲ್ಲ ಎಣಸ್ತೇನಿ.”

ಅವ್ವನೂ ನಕ್ಕಳು. ನನಗೆ ನಗು ಬರಲಿಲ್ಲ. ಸೂಜಿ ಇನ್ನೂ ನನ್ನ ಕೈಯಲ್ಲಿತ್ತು. ಅದನ್ನು ನಾನು ಊರಿದ್ದು ಹಲ್ಲಿನ ಮೇಲಲ್ಲ, ಹಲ್ಲುಗಳ ನಡುವೆ. ನಾಲ್ಕು ವರ್ಷದಿಂದ ಅರವತ್ತೆರಡು ಹುಳುಗಳ ಕಾಲಿಗೂ ಅಲ್ಲಿಯೇ ಊರಿದ್ದೆ. ಹದಿನೇಳು ಹಲ್ಲಿನ ಸಾಲಿನಲ್ಲಿ ಸಂದು ಹದಿನಾರೇ ಇರುತ್ತವೆ. ಸೂಜಿ ಕೆಳಗಿಟ್ಟು ಹಿತ್ತಲಿಗೆ ಹೋಗಿ ಕೂತೆ. ಅವ್ವ ಏನಾಯಿತೆಂದು ಕೇಳಿದಳು. ಏನೂ ಇಲ್ಲ ಎಂದೆ; ಆಮೇಲಿನ ವರ್ಷಗಳಲ್ಲಿ ಬಹಳ ಸಲ ಹೇಳಿದ ಮಾತು ಅದು.

ಸೋಮವಾರ ಮೊದಲ ಬಸ್ಸು ಹುನಗುಂದದಲ್ಲಿ ಹಾಳಾದ ಚಕ್ರ ಬದಲಿಸುತ್ತ ಮುಕ್ಕಾಲು ತಾಸು ನಿಂತಿತು. ಕಾಲೇಜು ಮುಟ್ಟಿದಾಗ ಹತ್ತೂವರೆ. ನಾನು ತೆರೆದದ್ದು ಮಹಾಕೂಟದ ಪೆಟ್ಟಿಗೆಯನ್ನಲ್ಲ. ಅದುವರೆಗೆ ನಾನು ಕೈ ಹಚ್ಚದ ನದಿಯ ಪೆಟ್ಟಿಗೆಯನ್ನು. ಸರ್ ಕೈಬರಹದಲ್ಲಿ ಹದಿನೇಳು ಎಂದು ಬರೆದಿದ್ದ ಹುಳುವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ನನ್ನ ರೂಢಿಯಂತೆ ಸೂಜಿ ಊರಿ ಎಣಿಸಿದೆ. ಹದಿನಾರು. ಇನ್ನೊಂದು: ಹದಿನಾರು. ಆಮೇಲೆ ಸೂಜಿಯನ್ನು ಹಲ್ಲಿನ ತುದಿಗೇ ಮುಟ್ಟಿಸುತ್ತ, ಎರಡೂ ಪೆಟ್ಟಿಗೆಗಳಿಂದ ಒಂದೊಂದು ತೆಗೆದು ಎಣಿಸಿದೆ. ಹದಿನೇಳು, ಹದಿನೇಳು. ಎರಡು ಕುಲ ಇರಲೇ ಇಲ್ಲ. ಇದ್ದದ್ದು ಒಂದೇ ಹುಳು, ಮತ್ತು ಎರಡು ಮನೆತನದ ಎಣಿಕೆ.

ನಜೀರಸಾಬ ಎಲ್ಲಿ ಎಂದು ಕೇಳಿದರೆ, ಅಂಚೆ ಕಚೇರಿಗೆ ಹೋದ ಎಂದರು. ಸೀರೆಯ ನಿರಿಗೆ ಎತ್ತಿ ಹಿಡಿದು ನವನಗರದ ಆ ಅಗಲ ರಸ್ತೆಯಲ್ಲಿ ಓಡಿದೆ. ಅವನು ಸೈಕಲ್ಲಿಗೆ ಬೀಗ ಹಾಕುತ್ತಿದ್ದ. ಲಕೋಟೆ ಚೀಲದಲ್ಲಿತ್ತು. ಏದುಸಿರು ಬಿಡುತ್ತ, “ಹಾಕಬ್ಯಾಡ ನಜೀರಣ್ಣ, ತಪ್ಪು ನಂದು” ಎಂದೆ. ಅವನು ಲಕೋಟೆ ಕೊಟ್ಟು, ಏನೂ ಕೇಳದೆ, ಕಟ್ಟೆಯ ಮೇಲೆ ಕೂತು ಎರಡು ಕೈಯಿಂದ ಮುಖ ಒರೆಸಿಕೊಂಡ.

ಸರ್ ಅವರ ಮನೆಗೆ ಇಬ್ಬರೂ ಹೋದೆವು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಕಪ್ಪು ಕನ್ನಡಕದ ಹಿಂದೆ ಅವರ ಕಣ್ಣು ಕಾಣುತ್ತಿರಲಿಲ್ಲ; ತೊಡೆಯ ಮೇಲಿನ ಬೆರಳುಗಳು ಮಾತ್ರ ಕಾಣುತ್ತಿದ್ದವು, ಅವು ಅಲುಗಾಡಲಿಲ್ಲ. ಹೇಳಿ ಮುಗಿಯಿತು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ಅವರು ನಗುತ್ತಿದ್ದರು.

“ನಮ್ಮಪ್ಪ ದಿನಾ ಸಂಜಿಗೆ ಕುರಿ ಎಣಸ್ತಿದ್ದ. ಕುರಿ ನಡಕಿನ ಜಾಗಾ ಎಣಸಿದ್ದ ನಾ ನೋಡಿಲ್ಲವಾ!” ಎಂದರು. ನಂತರ ನಗು ನಿಂತಿತು. “ನಜೀರ, ಬಾ ಇಲ್ಲಿ. ನಾ ನಿನ್ನ ಮ್ಯಾಲ ಒಂದು ಮಾತು ಅಂದಿಲ್ಲ ಖರೆ. ಆದ್ರ ನೀ ಕಲೆಸಿಲ್ಲ ಅಂತನೂ ಅನ್ನಲಿಲ್ಲ. ಅದು ನಂದು ತಪ್ಪು. ಮನಸ್ಸಿನ್ಯಾಗ ಇಟ್ಕೋಬ್ಯಾಡ.”

ಅಲ್ಲೇ ಟಿಪ್ಪಣಿ ಹೇಳಿ ಬರೆಸಿದರು. ಹೊಸ ಕುಲ ರದ್ದು. ಮಹಾಕೂಟದ ಹುಳುವೂ ನದಿಯ ಹುಳುವೂ ಒಂದೇ, ಬಣ್ಣದ ವ್ಯತ್ಯಾಸ ಜಾಗದಿಂದ ಬಂದದ್ದು; ಎರಡೂ ಹಳೆಯ ಕುಲಕ್ಕೇ ಸೇರಬೇಕು. ಕೊನೆಯ ಸಾಲಿಗೆ ಬಂದಾಗ ನಾನು ಪೆನ್ನು ಎತ್ತಿದೆ.

“ಎಣಿಸಿದಾಕಿ ನಾ ಅಂತ ಬರೀತೇನ್ರಿ ಸರ್.”

“ಬ್ಯಾಡ. ನಿನ್ನ ಹೆಸರು ಇನ್ನೂ ಹಸೀ ಗ್ವಾಡಿ ಇದ್ದಂಗ ಐತಿ. ಇದನ್ನ ಹೊರಿಸಿದ್ರ ಬೀಳತೈತಿ. ನಂದು ಹಳೇದು, ತಡಕೊಂತೈತಿ. ಹಂಗ ಎಣಸು ಅಂತ ಹೇಳಿದಾಂವ ಯಾರು? ನಾನು. ಬರಿ.”

“ಸರ್—”

“ಬರಿ ಅಂದೆ.”

ಬರೆದೆ. ಅಂದು ಗಟ್ಟಿಯಾಗಿ ಇಲ್ಲ ಎಂದಿದ್ದರೆ ಅವರು ಒಪ್ಪುತ್ತಿದ್ದರೋ ಏನೋ. ನಾನು ಗಟ್ಟಿಯಾಗಿ ಅನ್ನಲಿಲ್ಲ. ನನಗೆ ಪದವಿ ಬೇಕಾಗಿತ್ತು, ನೌಕರಿ ಬೇಕಾಗಿತ್ತು, ಮತ್ತು ನನಗೆ ಭಯವಿತ್ತು. ಹದಿನೇಳು ದಿನಗಳಲ್ಲಿ ಮೂರು ಅಧ್ಯಾಯಗಳನ್ನು ಹರಿದು, ಒಂದಾಗಿ ಬರೆದು, ಡಿಸೆಂಬರ್ ಹದಿನೈದಕ್ಕೆ ಸಲ್ಲಿಸಿದೆ. ಪದವಿ ಬಂತು. ೨೦೦೬ರಲ್ಲಿ ಹುನಗುಂದದಲ್ಲಿ ನೌಕರಿಯೂ ಸಿಕ್ಕಿತು.

ಸರ್ ಅವರ ಪಾಲಿಗೆ ಬಂದದ್ದು ಬೇರೆ. ಕೀಟ ವರ್ಗೀಕರಣದ ಒಂದು ಸಮಿತಿಗೆ ಬಂದಿದ್ದ ಆಹ್ವಾನ ಸದ್ದಿಲ್ಲದೆ ನಿಂತುಹೋಯಿತು. ಅಧ್ಯಾಪಕರ ಕೋಣೆಯಲ್ಲಿ ‘ಗುಡೂರ ಮಾಸ್ತರ ಹಲ್ಲು ಉದುರಿದವು’ ಎಂಬ ಮಾತು ಎರಡು ವರ್ಷ ನಡೆಯಿತು. ಒಂದು ವಿಚಾರ ಸಂಕಿರಣದಲ್ಲಿ, ನಾನು ಮೂರನೆಯ ಸಾಲಿನಲ್ಲಿ ಕೂತಿದ್ದಾಗ, ಒಬ್ಬ ಹಿರಿಯರು ವೇದಿಕೆಯಿಂದಲೇ, “ಹದಿನೇಳರವರೆಗೆ ಎಣಿಸಲು ಬರುವವರು ಮಾತ್ರ ಪ್ರಶ್ನೆ ಕೇಳಬೇಕು” ಎಂದು ಚಟಾಕಿ ಹಾರಿಸಿದರು. ಸಭೆ ನಕ್ಕಿತು. ಸರ್ ಎತ್ತಿದ್ದ ಕೈಯನ್ನು ಕೆಳಗಿಳಿಸಿದರು. ನಾನು ಏಳಬೇಕಾಗಿದ್ದ ಗಳಿಗೆ ಅದು, ಏಳಲಿಲ್ಲ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಅವರು ಮಾತ್ರ ಕೆಲಸ ನಿಲ್ಲಿಸಲಿಲ್ಲ. ಆ ಹಳೆಯ ಕುಲದ ಎಲ್ಲ ಪ್ರಭೇದಗಳನ್ನೂ ಮೊದಲಿನಿಂದ ನೋಡುತ್ತಿದ್ದಾರೆ. ನಾಲ್ಕನ್ನು ಹೊರಗೆ ಕಳಿಸಿದ್ದಾರೆ, ಎರಡನ್ನು ಒಂದು ಮಾಡಿದ್ದಾರೆ, ಶಿವಯೋಗ ಮಂದಿರದ ಬಳಿ ಮಲಪ್ರಭೆಯ ದಂಡೆಯಲ್ಲಿ ಸಿಕ್ಕ ಒಂದರ ಮುಂದೆ ಇನ್ನೂ ಪ್ರಶ್ನೆಚಿಹ್ನೆ ಇಟ್ಟಿದ್ದಾರೆ. ಎಣಿಸಬೇಕಾದ ಪೆಟ್ಟಿಗೆಗಳನ್ನು ಈಗಲೂ ನನಗೇ ಕಳಿಸುತ್ತಾರೆ. ಬೇರೆ ಯಾರಿಗೂ ಕೊಡುವುದಿಲ್ಲ.

ಈ ಲೇಖನದ ಕರಡನ್ನು ಕಳೆದ ವಾರ ಅವರಿಗೆ ತೋರಿಸಿದೆ. ಗುಡೂರು, ಕುರಿ, ಹುಲ್ಲಿನ ಭಾಗಕ್ಕೆ ತಲೆಯಾಡಿಸಿದರು. ಆಮೇಲೆ ಕೆಂಪು ಪೆನ್ನು ತೆಗೆದು, ‘ಆ ಸಾಲು ಸುಳ್ಳು’ ಎಂಬುದನ್ನೂ, ಎಣಿಕೆಯ ಕಥೆಯಿಂದ ಹಿಡಿದು ಸಂಕಿರಣದವರೆಗಿನ ಪುಟಪುಟವನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದರು. “ನಿವೃತ್ತಿ ಆಗೂ ಮುಂದ ನನ್ನ ಸುಳ್ಳುಗಾರನ್ನ ಮಾಡಬ್ಯಾಡ. ಅಚ್ಚಾಗಿದ್ದು ಅಚ್ಚಾತು” ಎಂದರು. ಉಳಿದದ್ದು ಒಂದೂವರೆ ಪುಟ, ನಾಲ್ಕು ಒಳ್ಳೆಯ ಮಾತು. ಹೂಂ ಎಂದು ಎದ್ದು ಬಂದೆ.

ಸಂಪಾದಕರಿಗೆ ಕಳಿಸುತ್ತಿರುವುದು ಹೊಡೆದುಹಾಕುವ ಮುಂಚಿನ ಪ್ರತಿ, ಈ ಕೊನೆಯ ಎರಡು ಪ್ಯಾರಾ ಸೇರಿಸಿ. ಸರ್ ಅವರ ಆ ಟಿಪ್ಪಣಿ ಅಚ್ಚಾದ ಪತ್ರಿಕೆಗೂ, ಎಣಿಸಿದವಳು ನಾನೆಂದು ನನ್ನೊಬ್ಬಳ ಸಹಿಯ ಟಿಪ್ಪಣಿ ಹೋಗಿದೆ. ಸರ್, ಇಪ್ಪತ್ತೊಂಬತ್ತನೆಯದರ ಎಣಿಕೆ ನನ್ನದು, ಮೂವತ್ತಮೂರನೆಯದರ ಮೌನವೂ ನನ್ನದು. ಈ ಗ್ರಂಥ ನಿಮ್ಮ ಕೈಗೆ ಬರುವುದು ವೇದಿಕೆಯ ಮೇಲೆ, ಎಲ್ಲರೆದುರು; ಅಲ್ಲಿ ನೀವು ಬೈಯುವಂತಿಲ್ಲ ಎಂಬುದು ನನಗೆ ಗೊತ್ತಿದೆ. ಮನೆಗೆ ಬಂದು ಬೈಸಿಕೊಳ್ಳುತ್ತೇನೆ. ಈ ತಪ್ಪಿಗೆ ಒಂದು ದಿನದ ಬೈಗುಳ ಸಾಲದು. ನಿಮ್ಮ ಕಣ್ಣು ನಿಚ್ಚಳವಾಗಿರಲಿ, ಕೈ ನಡುಗದಿರಲಿ, ನನ್ನನ್ನು ಪೂರ್ತಿ ಬೈದು ಮುಗಿಸುವಷ್ಟು ದೊಡ್ಡ ಆಯುಷ್ಯ ನಿಮಗಿರಲಿ.